ಬಾವಿಯಲ್ಲಿ ಈಜು ಕಲಿತವನು ಗೋವಾದ ಸಮುದ್ರಕ್ಕೆ ಇಳಿಯಬಹುದೇ?

ಮಂಡ್ಯದಿಂದ, ಸಲಹೆ ಕೇಳುತ್ತಿರುವವನು:

ನನಗೆ 41 ವರ್ಷ, ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಎರಡು ಹಾಫ್ ಮ್ಯಾರಥಾನ್ ಓಡಿದ್ದೇನೆ, ಶಾಲೆಗೆ ಸೈಕಲ್ಲಿನಲ್ಲೇ ಹೋಗಿಬರುತ್ತೇನೆ. ಈಗ ಗೋವಾದ ಐರನ್‌ಮ್ಯಾನ್ 70.3 ಮಾಡಬೇಕೆಂಬ ಹುಚ್ಚು ಹತ್ತಿದೆ. ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಎಲ್ಲ ಸೇರಿ ಎಂಟೂವರೆ ಗಂಟೆಯೊಳಗೆ. (ಮೈಲಿಯ ಲೆಕ್ಕದಲ್ಲಿ ಸುಮಾರು 1.2, 56, 13.1; ಕೂಡಿದರೆ 70.3 ಬರುತ್ತದೆ, ಮೇಷ್ಟ್ರಲ್ಲವೇ, ಮೊದಲು ಅದನ್ನೇ ನೋಡಿದೆ.) ಈಜು ಬರುತ್ತದೆ, ಆದರೆ ಅಜ್ಜನ ತೋಟದ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಕಲಿತದ್ದು. ಕೈಯಲ್ಲಿ ಹತ್ತು ತಿಂಗಳಿದೆ. ಮುಗಿಸಿದವರೂ ಮುಗಿಸಲಾಗದವರೂ ನಿಮ್ಮ ಅನುಭವ ಹೇಳಿ. ಮನೆಯ ಹತ್ತಿರವೇ ವಿಶ್ವೇಶ್ವರಯ್ಯ ನಾಲೆ ಹರಿಯುತ್ತದೆ, ಅಲ್ಲಿ ಅಭ್ಯಾಸ ಮಾಡಬಹುದೇ?

ಮೈಸೂರು, ಸರಸ್ವತಿಪುರಂನಿಂದ:

ನಾಲೆ ಬೇಡ ಮೇಷ್ಟ್ರೇ. ನೀರು ಬಿಟ್ಟಾಗ ಸೆಳೆತ ಜೋರು, ಕಟ್ಟಿದ ಅಂಚಿನಲ್ಲಿ ಕೈಗೆ ಹಿಡಿತ ಸಿಗುವುದಿಲ್ಲ. ಶ್ರೀರಂಗಪಟ್ಟಣದ ಹೊಳೆಯೂ ಬೇಡ, ಅಲ್ಲಿ ಸುಳಿಗಳಿವೆ. ಈಜುಕೊಳಕ್ಕೆ ದುಡ್ಡು ಕಟ್ಟಿ, ಮಾತು ಮುಗಿಯಿತು.

ಇನ್ನು ಮುಗಿಸಲಾಗದವನ ಕಥೆ. ನಾನೂ ಬಾವಿಯ ಗಿರಾಕಿಯೇ. ಬಾವಿಯಲ್ಲಿ ಕಲಿತವರು ತಲೆಯನ್ನು ನೀರಿನ ಮೇಲೆ ಎತ್ತಿಕೊಂಡೇ ಈಜುತ್ತೇವೆ. ತಲೆ ಮೇಲೆದ್ದರೆ ಕಾಲು ಕೆಳಗಿಳಿಯುತ್ತದೆ. ಆಮೇಲೆ ಈಜುವುದು ಎಂದರೆ ನಮ್ಮ ಕಾಲನ್ನು ನಾವೇ ಎಳೆದುಕೊಂಡು ಹೋಗುವುದು. ಮುಖವನ್ನು ನೀರಿನೊಳಗಿಟ್ಟು ಉಸಿರು ಬಿಡುವ ಅಭ್ಯಾಸ ಬರಲು ನನಗೆ ಎರಡು ತಿಂಗಳು ಹಿಡಿಯಿತು. ಆಮೇಲೆ 25 ಮೀಟರಿನ ಕೊಳದಲ್ಲಿ 76 ಉದ್ದ, ಅಂದರೆ 1,900 ಮೀಟರ್, 58 ನಿಮಿಷದಲ್ಲಿ ಮುಗಿಸತೊಡಗಿದೆ. ಈಜಿನ ಗಡುವು 1 ಗಂಟೆ 10 ನಿಮಿಷ. ಹನ್ನೆರಡು ನಿಮಿಷ ಉಳಿತಾಯ ಎಂದು ಎದೆಯುಬ್ಬಿಸಿಕೊಂಡು ಗೋವಾಕ್ಕೆ ಹೋದೆ.

ಸಮುದ್ರದಲ್ಲಿ ತಳದ ಕಪ್ಪು ಗೆರೆ ಇಲ್ಲ, ಕಾಲು ಒತ್ತಿ ಚಿಮ್ಮಲು ಗೋಡೆಯಿಲ್ಲ. ಮೊದಲ ಐದು ನಿಮಿಷದಲ್ಲೇ ಯಾರದೋ ಹಿಮ್ಮಡಿ ನನ್ನ ಕನ್ನಡಕಕ್ಕೆ ಬಡಿದು ಒಂದು ಕಣ್ಣಿಗೆ ಉಪ್ಪುನೀರು ತುಂಬಿತು. ಗಾಬರಿಗೆ ಉಸಿರು ಕಟ್ಟಿತು. ತಲೆ ತಾನಾಗಿ ಮೇಲೆದ್ದಿತು, ಮತ್ತೆ ಬಾವಿಯ ಈಜು. ದಡ ಸೇರಿದಾಗ 1 ಗಂಟೆ 14 ನಿಮಿಷ. ಒಬ್ಬ ಹುಡುಗ ಏನೂ ಮಾತಾಡದೆ ಬಗ್ಗಿ ನನ್ನ ಕಾಲಿನಿಂದ ಸಮಯ ಲೆಕ್ಕ ಹಾಕುವ ಪಟ್ಟಿಯನ್ನು ಬಿಚ್ಚಿಕೊಂಡ. ಪಟ್ಟಿ ಒತ್ತಿದ್ದ ಗುರುತು ಮಧ್ಯಾಹ್ನದವರೆಗೂ ಕಾಲಿನ ಮೇಲೆ ಹಾಗೇ ಇತ್ತು. ನನ್ನ ಸೈಕಲ್ ಬೆಳಗ್ಗೆ ನಿಲ್ಲಿಸಿದ ಜಾಗದಲ್ಲೇ ನಿಂತಿತ್ತು.

ಕೈಗಡಿಯಾರ ನೋಡಿದರೆ 2.3 ಕಿ.ಮೀ. ಈಜಿದ್ದೆ! ಸೊಟ್ಟ ಹೋಗಿದ್ದೆ. ಊರಿಗೆ ಬಂದು ಕೊಳದಲ್ಲಿ ಕಣ್ಣು ಮುಚ್ಚಿಕೊಂಡು ಎಂಟು ಕೈ ಹಾಕಿ ನೋಡಿದೆ. ಪ್ರತಿ ಸಲವೂ ಎಡಗಡೆಯ ಹಗ್ಗಕ್ಕೆ ಹೋಗಿ ತಗಲುತ್ತಿದ್ದೆ. ಇದೊಂದು ಪರೀಕ್ಷೆಯನ್ನು ನೀವು ಈ ವಾರವೇ ಮಾಡಿ. ಆಮೇಲೆ ಎಂಟು ಕೈಗೊಮ್ಮೆ ಮೊಸಳೆಯಂತೆ ಕಣ್ಣನ್ನಷ್ಟೇ ಮೇಲೆತ್ತಿ ಮುಂದಿನ ಗುರುತು ನೋಡುವುದನ್ನು ರೂಢಿ ಮಾಡಿಕೊಂಡೆ. ಮರುಪ್ರಯತ್ನದಲ್ಲಿ ಗುಂಪಿನ ನಡುವೆ ನುಗ್ಗದೆ ಅಂಚಿನಲ್ಲಿ ಇಳಿದೆ, ಮೊದಲ 200 ಮೀಟರ್ ಬೇಕೆಂದೇ ನಿಧಾನ ಮಾಡಿದೆ. ದಣಿದರೆ ಕಾವಲಿಗಿರುವ ಕಾಯಕ್ ದೋಣಿ ಹಿಡಿದು ನಿಲ್ಲಬಹುದು. ಅದು ನಿಮ್ಮನ್ನು ಮುಂದಕ್ಕೆ ಎಳೆಯದಿದ್ದರೆ ನಿಯಮದ ಪ್ರಕಾರ ತಪ್ಪಲ್ಲ. ನಾನು ಒಮ್ಮೆ ಹಿಡಿದೆ, ನಾಚಿಕೆಪಡಲಿಲ್ಲ. 1 ಗಂಟೆ 3 ನಿಮಿಷ.

ಮೈಸೂರು, ಕುವೆಂಪುನಗರದಿಂದ:

ಸರ್, ನಾನು ಬ್ಯಾಂಕ್ ಉದ್ಯೋಗಿ, ಇಬ್ಬರು ಮಕ್ಕಳ ತಾಯಿ, 7 ಗಂಟೆ 52 ನಿಮಿಷದಲ್ಲಿ ಮುಗಿಸಿದವಳು. ಈಜಿನ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಸೇರಿಸಲು ಏನೂ ಇಲ್ಲ. ನನ್ನ ಮಾತು ಹೊಟ್ಟೆಯದು.

ಶಕ್ತಿಗೆಂದು ನಡುನಡುವೆ ಹೀರುವ ಅಂಗಡಿಯ ಸಿಹಿ ಜೆಲ್ ನನಗೆ ವಾಕರಿಕೆ ತರಿಸುತ್ತದೆ. ಅದಕ್ಕೇ ಜೇಬಿನಲ್ಲಿ ನಿಮ್ಮ ಮಂಡ್ಯದ ಅಚ್ಚುಬೆಲ್ಲದ ಚೂರುಗಳನ್ನು ಇಟ್ಟುಕೊಂಡು ಅಭ್ಯಾಸಕ್ಕೆ ಹೋಗುತ್ತಿದ್ದೆ. ಒಂದು ದಿನ ನಂಜನಗೂಡಿನಿಂದ ವಾಪಸ್ ಬರುವಾಗ ಬೆವರಿಗೆ ಅದು ಪಾಕವಾಗಿ ಬೆನ್ನಿಗೆ ಅಂಟಿ, ಟೀ ಕುಡಿಯಲು ನಿಂತಲ್ಲಿ ಇರುವೆ ಹತ್ತಿತು. ನಮ್ಮ ಅತ್ತೆ ನಕ್ಕು, "ಅದನ್ನೇ ಪಾನಕ ಮಾಡಿಕೊಂಡು ಹೋಗಬಾರದೇ" ಎಂದರು. ಅಲ್ಲಿಂದ ಇವತ್ತಿನವರೆಗೂ ಪಾನಕವೇ: 750 ಮಿ.ಲೀ. ಬಾಟಲಿಗೆ 50 ಗ್ರಾಂ ಬೆಲ್ಲ, ಅರ್ಧ ನಿಂಬೆಹಣ್ಣು, ಕಾಲು ಟೀ ಚಮಚ ಉಪ್ಪು, ಚೆನ್ನಾಗಿ ಸೋಸಿದ್ದು. ಸೋಸದಿದ್ದರೆ ಬಾಟಲಿಯ ಬಾಯಿ ಕಟ್ಟಿಕೊಳ್ಳುತ್ತದೆ. ಗಂಟೆಗೊಂದು ಬಾಟಲಿ, ಜೊತೆಗೆ ಒಂದು ಏಲಕ್ಕಿ ಬಾಳೆಹಣ್ಣು. ಗಂಟೆಗೆ 60 ಗ್ರಾಂ ಶರ್ಕರಪಿಷ್ಟ ಎಂಬ ಲೆಕ್ಕಕ್ಕೆ ಅಷ್ಟು ಸಾಕಾಯಿತು. ಉಪ್ಪಿಲ್ಲದ ನೀರನ್ನೇ ಲೀಟರುಗಟ್ಟಲೆ ಕುಡಿಯಬೇಡಿ. ರಕ್ತದಲ್ಲಿ ಸೋಡಿಯಂ ಇಳಿದರೆ ಬಾಯಾರಿಕೆಗಿಂತ ದೊಡ್ಡ ಅಪಾಯ. ಸೈಕಲ್ ಮೇಲಿರುವಾಗಲೇ ತಿನ್ನಬೇಕು, ಓಡುವಾಗ ಹೊಟ್ಟೆ ಏನನ್ನೂ ಒಪ್ಪುವುದಿಲ್ಲ.

ಎರಡು ಹಾಫ್ ಮ್ಯಾರಥಾನ್ ಓಡಿದ್ದೇನೆ ಎಂಬ ಧೈರ್ಯದಲ್ಲಿರಬೇಡಿ. ಸೈಕಲ್ಲಿನಿಂದ ಇಳಿದು ಓಡುವ ಕಾಲು ಬೇರೆಯೇ. ಮೊದಲ ಸಲ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾನು ಓಡಿದ್ದನ್ನು ಕಂಡ ವಯಸ್ಸಾದವರೊಬ್ಬರು "ಕಾಲಿಗೆ ಪೆಟ್ಟಾಯಿತೇ ತಾಯಿ" ಎಂದು ಕೇಳಿದರು. ವಾರಕ್ಕೊಮ್ಮೆ ಸೈಕಲ್ ಮುಗಿದ ತಕ್ಷಣ ಇಪ್ಪತ್ತು ನಿಮಿಷ ಓಡಿ, ಎಷ್ಟೇ ನಿಧಾನವಾದರೂ ಸರಿ.

ಪಾಂಡವಪುರದಿಂದ:

ಮಂಡ್ಯದಿಂದ ಮೈಸೂರಿಗೆ ಹೋಗಿಬಂದರೆ ಹತ್ತಿರ ಹತ್ತಿರ 90 ಕಿ.ಮೀ., ದೇವರೇ ಅಳೆದುಕೊಟ್ಟಂತಿದೆ. ಆದರೆ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕಿಗೂ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಕಬ್ಬು ಅರೆಯುವ ಕಾಲಕ್ಕೆ ದೀಪವಿಲ್ಲದ ಟ್ರಾಕ್ಟರ್‌ಗಳು ಎದುರಿಗೇ ಬರುತ್ತವೆ. ಬೆಳಕು ಹರಿಯುವ ಮುನ್ನ ಹೊರಡಬೇಡಿ, ಹಿಂದೆ ಮುಂದೆ ಎರಡೂ ದೀಪ ಇರಲಿ. ಇನ್ನೊಂದು: ಭಾನುವಾರದ ಗುಂಪಿನಲ್ಲಿ ಮುಂದಿನವರ ಚಕ್ರಕ್ಕೆ ಅಂಟಿಕೊಂಡು ತುಳಿದ ವೇಗವನ್ನು ನಿಮ್ಮ ವೇಗ ಎಂದು ತಿಳಿಯಬೇಡಿ. ಸ್ಪರ್ಧೆಯಲ್ಲಿ ಮುಂದಿನ ಸೈಕಲ್ಲಿಗೆ 12 ಮೀಟರ್ ಅಂತರ ಬಿಡಬೇಕು, ಇಲ್ಲದಿದ್ದರೆ ದಂಡವಾಗಿ ನಿಲ್ಲಿಸುತ್ತಾರೆ. ಗಾಳಿಯನ್ನು ಒಬ್ಬರೇ ಎದುರಿಸಿ ಅಭ್ಯಾಸ ಮಾಡಿ.

ಮೈಸೂರು, ವಿಜಯನಗರದಿಂದ:

ಎಲ್ಲರೂ ಹುರಿದುಂಬಿಸುತ್ತಿದ್ದೀರಿ, ನಾನು ತಣ್ಣೀರು ಎರಚುತ್ತೇನೆ. ಮೊದಲು ಒಲಿಂಪಿಕ್ ದೂರ ಮಾಡಿ: 1.5 ಕಿ.ಮೀ. ಈಜು, 40 ಸೈಕಲ್, 10 ಓಟ. ಸಮುದ್ರವನ್ನೇ ನೋಡದವರು ನೇರವಾಗಿ 70.3ಕ್ಕೆ ಹೋಗುವುದು ಅಂಗನವಾಡಿಯಿಂದ ಎಸ್ಸೆಸ್ಸೆಲ್ಸಿಗೆ ಹಾರಿದಂತೆ.

ಸರಸ್ವತಿಪುರಂನಿಂದ, ಮತ್ತೆ:

ಇವರ ಮಾತು ಕಹಿ, ಆದರೆ ನಾನು ಕೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಅದಾಗದಿದ್ದರೆ ಸ್ಪರ್ಧೆಗೆ ಮುಂಚೆ ಎರಡು ಸಲವಾದರೂ ತರಬೇತುದಾರರ ಜೊತೆ ಕಡಲಿಗಿಳಿಯಿರಿ.

ಮಂಡ್ಯದಿಂದ, ಕೇಳಿದವನು:

ನಿನ್ನೆ ಕೊಳದಲ್ಲಿ ಕಣ್ಣು ಮುಚ್ಚಿ ಎಂಟು ಕೈ ಹಾಕಿದೆ. ನಾನು ಬಲಕ್ಕೆ ಹೋಗುತ್ತೇನೆ. ಪಕ್ಕದ ಸಾಲಿನ ಹುಡುಗ ನನ್ನದೇ ಶಾಲೆಯವನು. ಢಿಕ್ಕಿಯಾದ ಮೇಲೆ "ಸರ್, ನೇರವಾಗಿ ಹೋಗಿ" ಎಂದ. ಒಲಿಂಪಿಕ್ ದೂರದ ಸ್ಪರ್ಧೆ ಎಲ್ಲಿದೆ ಎಂದು ಹುಡುಕುತ್ತಿದ್ದೇನೆ. ಪಾನಕದ ಮೇಡಂ, ಬೆಲ್ಲ ಎಷ್ಟು ಬೇಕು ಹೇಳಿ, ಆಲೆಮನೆಯಿಂದಲೇ ತಂದುಕೊಡುತ್ತೇನೆ.