ಕುದುರೆಯಿಂದ ದಿಮ್ಮಿ ಎಳೆಸುವ ಕೆಲಸ: 35 ಸ್ವಯಂಸೇವಕರನ್ನು ಎಲ್ಲಿ, ಹೇಗೆ ನಿಲ್ಲಿಸುವುದು?

ವೈ_ಕಣಿವೆ_ಕನ್ನಡತಿ:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ನಮ್ಮ ಊರಿನ ತಂಡ ನೋಡಿಕೊಳ್ಳುವ ಸುಮಾರು 3 ಹೆಕ್ಟೇರ್ ಹಳೇ ಕಾಡಿದೆ. ಓಕ್ ಮರಗಳ ನಡುವೆ ಹಿಂದೆ ಯಾರೋ ನೆಟ್ಟ ಡಗ್ಲಸ್ ಫರ್ (ಸೂಜಿ ಎಲೆಯ ಮರ) ಈಗ ದಟ್ಟವಾಗಿ ಬೆಳೆದು ನೆಲಕ್ಕೆ ಬೆಳಕೇ ಬೀಳುತ್ತಿಲ್ಲ. ಈ ಚಳಿಗಾಲದಲ್ಲಿ ಒಂದಷ್ಟು ತೆಗೆಯಬೇಕು. ಮರ ಕಡಿಯುವ ಅನುಮತಿ (ಫೆಲ್ಲಿಂಗ್ ಲೈಸೆನ್ಸ್) ಆಗಿದೆ. ನೆಲದ ತುಂಬ ಬ್ಲೂಬೆಲ್ ಎಂಬ ಕಾಡುಹೂವಿನ ಗಡ್ಡೆಗಳಿರುವುದರಿಂದ ದೊಡ್ಡ ಯಂತ್ರ ಬೇಡವೆಂದು ತೀರ್ಮಾನಿಸಿ, ಒಂದು ಆರ್ಡೆನ್ ಕುದುರೆ (ಭಾರ ಎಳೆಯುವ ದೊಡ್ಡ ತಳಿ) ಇರುವ ಗುತ್ತಿಗೆದಾರರಿಗೆ ಕೆಲಸ ಒಪ್ಪಿಸಿದ್ದೇವೆ.

ಮರಗಳು 20 ಮೀಟರ್ ಎತ್ತರ, ದಿಮ್ಮಿಗಳ ನಡುಭಾಗದ ದಪ್ಪ 22ರಿಂದ 28 ಸೆಂ.ಮೀ. ಕಾಡಿನ ಒಳಗಿಂದ ರಸ್ತೆ ಬದಿಗೆ 180 ಮೀಟರ್, ಅದರಲ್ಲಿ ಕೊನೆಯ 120 ಮೀಟರ್ ಹಳೆಯ ಜಲ್ಲಿ ದಾರಿ. ಮಧ್ಯೆ ಒಂದು ಸಾರ್ವಜನಿಕ ಕಾಲುದಾರಿ ಅಡ್ಡ ಹೋಗುತ್ತದೆ. ಕುದುರೆ ಅಂದಕೂಡಲೆ ಪಟ್ಟಿಯಲ್ಲಿರುವ 35 ಜನರೂ ಬರುತ್ತೇವೆ ಅನ್ನುತ್ತಿದ್ದಾರೆ.

ಕುದುರೆ ಬರುವ ಮೊದಲು ಏನೇನು ಸಿದ್ಧವಾಗಿರಬೇಕು? 6 ಮೀಟರ್ ದಿಮ್ಮಿಯನ್ನು ಹಾಗೇ ಎಳೆಸಬಹುದಾ? ಇಷ್ಟು ಜನರಿಗೆ ಕೆಲಸ ಹೇಗೆ ಹಂಚಲಿ?

ನೊಗ_ಲಗಾಮು:

ಮೇಡಂ, ಕುದುರೆ ಲಾರಿಯಿಂದ ಇಳಿಯುವ ಹೊತ್ತಿಗೆ ಮುಕ್ಕಾಲು ಪಾಲು ಕೆಲಸ ಮುಗಿದಿರಬೇಕು. ನಿಮ್ಮ ಸ್ವಯಂಸೇವಕರ ನಿಜವಾದ ಉಪಯೋಗ ಇರುವುದೂ ಅಲ್ಲೇ. ಕುದುರೆ ಪಕ್ಕದಲ್ಲಿ ಓಡಾಡುವುದರಲ್ಲಿ ಅಲ್ಲ.

ಎಲ್ಲಕ್ಕಿಂತ ಮುಖ್ಯ, ಮರ ಬೀಳುವ ದಿಕ್ಕು. ಎಳೆಯುವ ದಾರಿಯನ್ನು ಗುತ್ತಿಗೆದಾರರ ಜೊತೆ ನಡೆದು ನೋಡಿ ಮೊದಲೇ ಬಣ್ಣದ ಪಟ್ಟಿ ಕಟ್ಟಿ. ಮರದ ತುದಿ ದಾರಿಯಿಂದ ಆಚೆ, ಬುಡ ದಾರಿಯ ಕಡೆ, ಹೋಗಬೇಕಾದ ದಿಕ್ಕಿಗೆ 30ರಿಂದ 45 ಡಿಗ್ರಿ ಓರೆಯಾಗಿ ಬೀಳಬೇಕು. ಹಾಗಿದ್ದರೆ ಕುದುರೆ ಎಳೆದ ತಕ್ಷಣ ದಿಮ್ಮಿ ತಾನಾಗಿ ದಾರಿಗೆ ತಿರುಗಿಕೊಳ್ಳುತ್ತದೆ. ದಾರಿಗೆ ಅಡ್ಡಡ್ಡ ಬಿದ್ದ ಮರವನ್ನು ತಿರುಗಿಸಲು ಹೋದರೆ ಉಳಿಸಬೇಕಾದ ಓಕ್‌ಗಳ ತೊಗಟೆ ಕಿತ್ತುಬರುತ್ತದೆ, ಕುದುರೆಯೂ ಸುಮ್ಮನೆ ದಣಿಯುತ್ತದೆ.

ದಾರಿ 2 ಮೀಟರ್ ಅಗಲವಿದ್ದರೆ ಸಾಕು. ಅದರ ಮೇಲಿರುವ ಮೋಟುಗಳನ್ನು ನೆಲಮಟ್ಟಕ್ಕೆ, ಓರೆಯಿಲ್ಲದೆ ಸಪಾಟಾಗಿ ಕತ್ತರಿಸಬೇಕು. ಓರೆಯಾಗಿ ಬಿಟ್ಟ ಚೂಪು ಮೋಟು ಗೊರಸಿನ ಅಡಿಗೆ ಚುಚ್ಚುತ್ತದೆ, ದಿಮ್ಮಿಯ ಮೂತಿಯೂ ಅದಕ್ಕೆ ತಗುಲಿ ಗಕ್ಕನೆ ನಿಲ್ಲುತ್ತದೆ. ಹಾಗೆ ನಿಂತಾಗ ಬೀಳುವ ಪೆಟ್ಟು ನೇರ ಕುದುರೆಯ ಹೆಗಲಿಗೆ. ಸೊಪ್ಪುಸದೆಯನ್ನೂ ದಾರಿಯಿಂದ ಎತ್ತಿ ಹಾಕಿಸಿ. ತಿರುವುಗಳ ಒಳಬದಿಯಲ್ಲಿ ಕಡಿಯಲು ಗುರುತು ಮಾಡಿದ ಒಂದೊಂದು ಫರ್ ಮರವನ್ನು ಕೊನೆಯವರೆಗೂ ಉಳಿಸಿಕೊಳ್ಳಿ. ದಿಮ್ಮಿ ಉಜ್ಜುವುದಾದರೆ ಅದಕ್ಕೇ ಉಜ್ಜಲಿ, ಎಲ್ಲ ಮುಗಿದ ಮೇಲೆ ಅದನ್ನೂ ತೆಗೆದರಾಯಿತು.

ಇನ್ನು ತೂಕ. ನಡುಭಾಗದ ದಪ್ಪವನ್ನು ಮೀಟರಿನಲ್ಲಿ ಅದರಿಂದಲೇ ಗುಣಿಸಿ, 0.785ರಿಂದ ಗುಣಿಸಿ, ಉದ್ದದಿಂದ ಗುಣಿಸಿ. 22 ಸೆಂ.ಮೀ. ದಪ್ಪದ 6 ಮೀಟರ್ ದಿಮ್ಮಿ ಸುಮಾರು 0.23 ಘನ ಮೀಟರ್, ಹಸಿ ಫರ್ ಆದ್ದರಿಂದ ಹತ್ತಿರ ಹತ್ತಿರ 200 ಕೆ.ಜಿ. ಅದೇ 28 ಸೆಂ.ಮೀ. ಆದರೆ 320 ಕೆ.ಜಿ. ದಾಟುತ್ತದೆ. ದಪ್ಪ 6 ಸೆಂ.ಮೀ. ಹೆಚ್ಚಿದ್ದಕ್ಕೆ ತೂಕ ಒಂದೂವರೆ ಪಟ್ಟಿಗಿಂತ ಜಾಸ್ತಿ! ನೆಲದ ಮೇಲೆ ಎಳೆಯಲು ತೂಕದ ಅರ್ಧದಷ್ಟು ಬಲ ಬೇಕೆಂದು ಲೆಕ್ಕ ಇಟ್ಟುಕೊಳ್ಳಿ. 800 ಕೆ.ಜಿ. ಕುದುರೆ ದಿನವಿಡೀ ಆರಾಮಾಗಿ ಎಳೆಯುವುದು ತನ್ನ ತೂಕದ ಹತ್ತನೇ ಒಂದು ಪಾಲು, ಅಂದರೆ 80 ಕೆ.ಜಿ. ಬಲ. ಸ್ವಲ್ಪ ಹೊತ್ತಿಗೆ ಇದರ ಎಷ್ಟೋ ಪಟ್ಟು ಎಳೆಯಬಲ್ಲದು, ಆದರೆ ಆಮೇಲೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಬೇಕು. ಹಾಗಾಗಿ 22ರ ದಿಮ್ಮಿಗಳನ್ನು 6 ಮೀಟರ್ ಇರಲಿ, 28ರವನ್ನು 3 ಅಥವಾ 4 ಮೀಟರಿಗೆ ಕತ್ತರಿಸಿ. ಕೊಳ್ಳುವವರು ಯಾವ ಅಳತೆ ಕೇಳುತ್ತಾರೆಂದು ಮೊದಲೇ ವಿಚಾರಿಸಿಕೊಳ್ಳಿ.

ಸರಪಳಿಯನ್ನು ಬುಡದಿಂದ 30-40 ಸೆಂ.ಮೀ. ಒಳಗೆ ಬಿಗಿಯಬೇಕು. ಎಳೆದಾಗ ದಿಮ್ಮಿಯ ಮೂತಿ ನೆಲಬಿಟ್ಟು ಸ್ವಲ್ಪ ಏಳುವಷ್ಟು ಗಿಡ್ಡವಾಗಿರಬೇಕು. ಉದ್ದವಾದರೆ ಮೂತಿ ಮಣ್ಣನ್ನು ಉಳುತ್ತಾ ಹೋಗಿ ನಿಮ್ಮ ಬ್ಲೂಬೆಲ್ ಗಡ್ಡೆಗಳನ್ನೇ ಕಿತ್ತುಹಾಕುತ್ತದೆ. ತೀರಾ ಗಿಡ್ಡವಾದರೆ ಇಳಿಜಾರಿನಲ್ಲಿ ದಿಮ್ಮಿ ಮುನ್ನುಗ್ಗಿ ಹಿಂಗಾಲಿಗೆ ಬಡಿಯುತ್ತದೆ. ದಿಮ್ಮಿಯ ಅಡಿಗೆ ಕೈ ತೂರಿಸಿ ಸರಪಳಿ ಎಳೆದುಕೊಳ್ಳುವ ಅಭ್ಯಾಸ ಯಾರಿಗೂ ಬೇಡ, ಅದಕ್ಕೆ ಕೊಕ್ಕೆ ಇರುವ ಕಡ್ಡಿ ಇಟ್ಟುಕೊಳ್ಳಿ.

ಒಂದು ಮಾತು ಮರೆಯಬಾರದು. ಹಿಂದೆ ಕೊಡಗಿನ ಕಾಡುಗಳಲ್ಲಿ ದಿಮ್ಮಿ ಸಾಗಿಸುತ್ತಿದ್ದ ಆನೆ ಸೊಂಡಿಲಿನಿಂದ ಎತ್ತುತ್ತಿತ್ತು, ತಲೆಯಿಂದ ತಳ್ಳುತ್ತಿತ್ತು. ಕುದುರೆ ಎಳೆಯುತ್ತದೆ ಅಷ್ಟೇ. ರಾಶಿ ಹಾಕುವ ಕೆಲಸ ಪೂರ್ತಿ ಮನುಷ್ಯರದ್ದು.

ಪಾಳಿಪಟ್ಟಿ:

35 ಜನ ಒಂದೇ ದಿನ ಬಂದರೆ 25 ಜನ ಕೈಕಟ್ಟಿ ನಿಂತಿರುತ್ತಾರೆ. ಹಾಗೆ ನಿಂತವರು ಮುಂದಿನ ವಾರ ಬರುವುದಿಲ್ಲ. ಸ್ವಯಂಸೇವಕರ ತಂಡ ಕರಗುವುದು ಕೆಲಸ ಹೆಚ್ಚಾಗಿ ಅಲ್ಲ, ಕೆಲಸ ಸಿಗದೆ.

ಒಂದು ಕುದುರೆಗೆ ಒಂದು ಹೊತ್ತಿಗೆ 7-8 ಜನ ಸಾಕು. ಕಾಲುದಾರಿಯ ಎರಡೂ ಕಡೆ ಒಬ್ಬೊಬ್ಬರು, ದಿಮ್ಮಿ ರಾಶಿಯ ಹತ್ತಿರ ಇಬ್ಬರು, ಎಳೆತ ನಡೆಯದ ಬದಿಯಲ್ಲಿ ಸೊಪ್ಪುಸದೆ ಎತ್ತಲು ಇಬ್ಬರು ಮೂವರು, ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು. ಉಳಿದವರನ್ನು ಎರಡು ವಾರ ಮೊದಲೇ ಕರೆಯಿರಿ: ದಾರಿ ಬಿಡಿಸಲು, ಪಟ್ಟಿ ಕಟ್ಟಲು, ರಾಶಿಯ ಅಡಿಗೆ ಹಾಕುವ ಅಡ್ಡಮರ ಜೋಡಿಸಲು. ಕುದುರೆ ಕೆಲಸ ನೋಡಲೇಬೇಕೆನ್ನುವವರಿಗೆ ಒಂದು ದಿನ ಹಗ್ಗ ಕಟ್ಟಿದ ಜಾಗದಿಂದ ಅರ್ಧ ಗಂಟೆ ನೋಡುವ ವ್ಯವಸ್ಥೆ ಮಾಡಿ. ಅದನ್ನು ಕೆಲಸದ ಪಾಳಿಯ ಜೊತೆ ಬೆರೆಸಬೇಡಿ.

ಚೈನ್‌ಸಾ (ಯಂತ್ರದ ಗರಗಸ) ಪ್ರಮಾಣಪತ್ರ ಇರುವವರೇ ಮರ ಕಡಿಯಬೇಕು. ಕಡಿಯುವಾಗ ಉಳಿದವರೆಲ್ಲ ಎರಡು ಮರದುದ್ದ ದೂರ, ನಿಮ್ಮಲ್ಲಿ 40 ಮೀಟರ್. ಕಡಿಯುವುದು, ಎಳೆಯುವುದು ಎರಡನ್ನೂ ಒಂದೇ ದಿನ ಇಟ್ಟುಕೊಳ್ಳದಿದ್ದರೆ ಅರ್ಧ ತಲೆನೋವು ಕಡಿಮೆ.

ಸಾರ್ವಜನಿಕ ಕಾಲುದಾರಿಯನ್ನು ನೀವಾಗಿಯೇ ಮುಚ್ಚುವಂತಿಲ್ಲ. ಸ್ಥಳೀಯ ಕೌನ್ಸಿಲ್ಲಿನಿಂದ ತಾತ್ಕಾಲಿಕ ಅನುಮತಿ ಬೇಕು. ಅದಿಲ್ಲದಿದ್ದರೆ ಜನ ಬಂದಾಗ ನಿಲ್ಲಬೇಕಾದದ್ದು ನಿಮ್ಮ ಕೆಲಸ, ಜನರಲ್ಲ. ಕಾವಲು ನಿಂತವರು ಕೈ ಎತ್ತಿದರೆ ಕುದುರೆ ನಿಲ್ಲಬೇಕು ಎಂದು ಗುತ್ತಿಗೆದಾರರ ಜೊತೆ ಮೊದಲೇ ಮಾತಾಗಿರಲಿ. ಕೂಗುವುದು ಬೇಡ, ಕುದುರೆ ಮಾತಿನ ಅಪ್ಪಣೆಗೇ ನಡೆಯುವುದು. ನಾಯಿ ಜೊತೆಗಿದ್ದವರಿಗೆ ಅದಕ್ಕೆ ಹಗ್ಗ ಹಾಕಿ ಹಿಡಿದುಕೊಳ್ಳಿ ಎಂದು ವಿನಂತಿಸಿ. ಕೆಲಸ ಇಲ್ಲದ ದಿನ ಎಚ್ಚರಿಕೆಯ ಫಲಕ ತೆಗೆದುಬಿಡಿ. ಸದಾ ನೇತಾಡುವ ಫಲಕವನ್ನು ಯಾರೂ ಓದುವುದಿಲ್ಲ.

ವಿಮೆ ಪತ್ರ ಇವತ್ತೇ ತೆಗೆದು ಓದಿ. ಎಷ್ಟೋ ಸಣ್ಣ ತಂಡಗಳ ಪಾಲಿಸಿಯಲ್ಲಿ ಕೈಸಲಕರಣೆ ಕೆಲಸಕ್ಕೆ ಮಾತ್ರ ರಕ್ಷಣೆ ಇರುತ್ತದೆ, ಕುದುರೆಯ ಪ್ರಸ್ತಾಪವೇ ಇರುವುದಿಲ್ಲ. ಇಂಗ್ಲೆಂಡಿನ 1971ರ ಪ್ರಾಣಿಗಳ ಕಾಯ್ದೆಯಂತೆ, ತಪ್ಪಿಲ್ಲದಿದ್ದರೂ ಪ್ರಾಣಿಯಿಂದಾದ ಹಾನಿಗೆ ಅದನ್ನು ಇಟ್ಟುಕೊಂಡವರು ಕೆಲವು ಸಂದರ್ಭಗಳಲ್ಲಿ ಹೊಣೆಯಾಗುತ್ತಾರೆ. ಗುತ್ತಿಗೆದಾರರ ವಿಮೆಯ ಪ್ರತಿಯನ್ನೂ ಕೇಳಿ ಪಡೆಯಿರಿ.

ಸಂದೇಶಕ್ಕೆ ವಾಟ್ಸಾಪ್‌ನಲ್ಲಿ ಎರಡು ಗುಂಪು ಮಾಡಿ. ಒಂದರಲ್ಲಿ ಪ್ರಕಟಣೆ ಮಾತ್ರ, ಅದಕ್ಕೆ ನೀವೂ ಇನ್ನಿಬ್ಬರೂ ಬರೆಯಬಹುದು. ಹರಟೆ ಇನ್ನೊಂದರಲ್ಲಿ. "ನಾಳೆ ಕೆಲಸ ಇದೆ" ಅಥವಾ "ಇಲ್ಲ" ಎಂಬುದು ಹಿಂದಿನ ಸಂಜೆ 7ಕ್ಕೆ ಬಂದುಬಿಡಬೇಕು. ಬೆಳಿಗ್ಗೆ 8ಕ್ಕೆ ರದ್ದು ಮಾಡಿದರೆ ಅಷ್ಟು ಹೊತ್ತಿಗಾಗಲೇ ಕೆಲವರು ಹೊರಟಿರುತ್ತಾರೆ.

ವೈ_ಕಣಿವೆ_ಕನ್ನಡತಿ:

ತುಂಬಾ ಉಪಕಾರವಾಯಿತು. ರಾಶಿ ಹಾಕುವ ಇಬ್ಬರು ಎಲ್ಲಿ ನಿಲ್ಲಬೇಕು? ಮಧ್ಯಾಹ್ನ ಕುದುರೆಯನ್ನು ಕಟ್ಟಲು ಕಾಡಂಚಿನಲ್ಲಿ ನೆರಳಿರುವ ಜಾಗ ಹುಡುಕಿದ್ದೇವೆ. ಸಿಕಮೋರ್ ಮರದ ಕೆಳಗೆ, ಪಕ್ಕದಲ್ಲಿ ಯೂ ಮರವೂ ಇದೆ.

ಡೆವನ್_ಪಶುವೈದ್ಯೆ:

ಮೇಡಂ, ದಯವಿಟ್ಟು ಆ ಜಾಗ ಬೇಡ. ಯೂ ಎಲೆ ಕೆಲವು ಬಾಯಿ ತಿಂದರೂ ಕುದುರೆ ಸಾಯುತ್ತದೆ, ಚಿಕಿತ್ಸೆಗೆ ಸಮಯವೇ ಸಿಗುವುದಿಲ್ಲ. ಒಣಗಿದ ಎಲೆಯಲ್ಲೂ ವಿಷ ಹಾಗೇ ಇರುತ್ತದೆ, ಆದ್ದರಿಂದ ಯೂ ಕೊಂಬೆ ಸವರಿದ್ದರೆ ಆ ಸದೆಯನ್ನೂ ದೂರ ಸಾಗಿಸಿ. ಸಿಕಮೋರ್ ಬೀಜದಲ್ಲೂ ಮೊಳಕೆಯಲ್ಲೂ ಹೈಪೊಗ್ಲೈಸಿನ್ ಎಂಬ ವಿಷವಿದೆ. ಅದರಿಂದ ಸ್ನಾಯುಗಳು ಕೊಳೆತಂತಾಗಿ, ಮೂತ್ರ ಕಂದುಬಣ್ಣಕ್ಕೆ ತಿರುಗಿ, ಹೆಚ್ಚಿನ ಕುದುರೆಗಳು ಉಳಿಯುವುದಿಲ್ಲ. ಶರತ್ಕಾಲದಲ್ಲಿ ಉದುರಿದ ಬೀಜ ಚಳಿಗಾಲದಲ್ಲೂ ಎಲೆಯಡಿ ಬಿದ್ದಿರುತ್ತದೆ. ಬಯಲಲ್ಲಿ, ಗಾಳಿ ಮರೆಯಾಗಿರುವ ಜಾಗದಲ್ಲಿ ಕಟ್ಟಿ ಒಣಹುಲ್ಲಿನ ಬಲೆ ನೇತುಹಾಕಿ. ಚಳಿಗಾಲದಲ್ಲಿ ನೆರಳಿಗಿಂತ, ಬೆವರಿದ ಮೈಗೆ ಗಾಳಿ ಬಡಿಯದಿರುವುದು ಮುಖ್ಯ. ಬೆನ್ನಿಗೆ ಕಂಬಳಿ ಹೊದಿಸಬೇಕು.

ನೀರು ದಿನಕ್ಕೆ 40-50 ಲೀಟರ್ ಬೇಕಾದೀತು. 20 ಲೀಟರಿನ ಮೂರು ಕ್ಯಾನ್ ತರಿಸಿಡಿ. ಕ್ಯಾರೆಟ್ಟು, ಸೇಬು ಯಾರೂ ಕೊಡಬಾರದು, ತಿಂಡಿ ಸಿಗುತ್ತದೆಂದು ಗೊತ್ತಾದರೆ ಕುದುರೆಯ ಗಮನ ಓಡಿಸುವವರನ್ನು ಬಿಟ್ಟು ಜನರ ಕೈಮೇಲೆ ಹೋಗುತ್ತದೆ. ಕುದುರೆ ವಾರಾಂತ್ಯ ನಿಮ್ಮಲ್ಲೇ ಉಳಿಯುವುದಾದರೆ, ರಜೆಯ ದಿನ ಓಟ್ಸ್ ಎಷ್ಟು ಕಡಿಮೆ ಮಾಡಬೇಕೆಂದು ಗುತ್ತಿಗೆದಾರರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಕೆಲಸವಿಲ್ಲದೆ ಪೂರ್ತಿ ಧಾನ್ಯ ತಿಂದ ಕುದುರೆ ಮರುದಿನ ಹೂಡಿದ ಸ್ವಲ್ಪ ಹೊತ್ತಿಗೆ ಹಿಂಭಾಗ ಸೆಟೆದು ನಿಂತುಬಿಡಬಹುದು. ಹಾಗೆ ನಿಂತರೆ ಒಂದು ಹೆಜ್ಜೆಯೂ ನಡೆಸದೆ ವೈದ್ಯರನ್ನು ಕರೆಯಬೇಕು.

ಇದು ಜನರ ವಿಷಯ: ಎಲ್ಲರೂ ಧನುರ್ವಾಯು ಲಸಿಕೆ ಆಗಿದೆಯೇ ನೋಡಿಕೊಳ್ಳಲಿ. ಸಂಜೆ ಮನೆಗೆ ಹೋದ ಮೇಲೆ ಉಣ್ಣಿ ಕಚ್ಚಿದೆಯೇ ಎಂದು ಮೈ ಪರೀಕ್ಷಿಸಲಿ.

ಕಪ್ಪುಕಾಡಿನ_ದಾರಿ:

ಜರ್ಮನಿಯ ಕಡೆಯ ರೀತಿ ಹೇಳುತ್ತೇನೆ, ನೊಗ_ಲಗಾಮು ಅವರ ಮಾತಿಗೆ ಸೇರಿಸಿ. ಇಡೀ 180 ಮೀಟರ್ ಕುದುರೆಯಿಂದ ನೆಲದ ಮೇಲೆ ಎಳೆಸುವುದು ನನಗೆ ಸರಿ ಕಾಣುವುದಿಲ್ಲ. ಇಲ್ಲಿ ಯಂತ್ರ ಓಡುವ ದಾರಿಗಳನ್ನು 20 ಮೀಟರಿಗೊಂದು ಮಾಡುವ ಬದಲು 40 ಮೀಟರಿಗೊಂದು ಮಾಡಿ, ಯಂತ್ರದ ಕೈ ಎಟುಕದ ನಡುಭಾಗದಿಂದ ಕುದುರೆ ದಿಮ್ಮಿಯನ್ನು ದಾರಿಯಂಚಿಗೆ ತಂದು ಬಿಡುತ್ತದೆ. ಮುಂದಿನದು ಯಂತ್ರದ ಕೆಲಸ. ನಿಮಗೆ 120 ಮೀಟರ್ ಜಲ್ಲಿ ದಾರಿ ಹೇಗೂ ಇದೆ. ಕುದುರೆ ಮೊದಲ 60 ಮೀಟರ್ ಮಾತ್ರ ಎಳೆಯಲಿ, ಜಲ್ಲಿಯ ಮೇಲೆ ಸಣ್ಣ ಟ್ರ್ಯಾಕ್ಟರ್ ಟ್ರೇಲರ್ ಓಡಲಿ. ಗಡ್ಡೆಗಳಿರುವ ನೆಲಕ್ಕೆ ಚಕ್ರ ತಾಗುವುದಿಲ್ಲ, ದಿಮ್ಮಿಗೆ ಜಲ್ಲಿಕಲ್ಲು ಅಂಟಿ ಗರಗಸದ ಹಲ್ಲು ಮುರಿಯುವುದೂ ತಪ್ಪುತ್ತದೆ.

ನೊಗ_ಲಗಾಮು:

ಜಲ್ಲಿಯ ಮಾತು ಸರಿ ಸರ್, ಒಪ್ಪುತ್ತೇನೆ. ಟ್ರ್ಯಾಕ್ಟರ್ ಬೇಡವೆಂದರೆ ಗುತ್ತಿಗೆದಾರರ ಬಳಿ ಕುದುರೆ ಎಳೆಯುವ ನಾಲ್ಕು ಚಕ್ರದ ದಿಮ್ಮಿ ಗಾಡಿ ಇದೆಯೇ ಕೇಳಿ, ಗಟ್ಟಿ ದಾರಿಯಲ್ಲಿ ಅದೇ ಕುದುರೆ ಒಂದೇ ಸಲಕ್ಕೆ ಹಲವು ದಿಮ್ಮಿ ಒಯ್ಯುತ್ತದೆ.

ಮೇಡಂ, ರಾಶಿಯ ಪ್ರಶ್ನೆಗೆ: ಕುದುರೆ ರಾಶಿಗೆ ಸಮಾನಾಂತರವಾಗಿ ಪಕ್ಕದಲ್ಲಿ ಹಾದು ನಿಲ್ಲಬೇಕು, ರಾಶಿಯ ಎದುರಿಗೆ ಬಂದು ಸಿಕ್ಕಿಕೊಳ್ಳಬಾರದು. ನಿಮ್ಮ ಇಬ್ಬರು ರಾಶಿಯ ಎರಡು ತುದಿಗಳ ಆಚೆ, ಇಳಿಜಾರಿದ್ದರೆ ಮೇಲ್ಬದಿಗೆ ನಿಂತಿರಲಿ. ಓಡಿಸುವವರು ಕುದುರೆಯನ್ನು ನಿಲ್ಲಿಸಿ, ಸರಪಳಿ ಸಡಿಲಿಸಿ, ಕೊಕ್ಕೆ ಬಿಚ್ಚಿ, ಕುದುರೆ 5 ಮೀಟರ್ ಮುಂದೆ ಹೋದ ಮೇಲೆಯೇ ದಿಮ್ಮಿಗೆ ಕೈ ಹಾಕಬೇಕು. ಹೂಡಿರುವಾಗ ಸರಪಳಿಯನ್ನು ದಾಟುವುದು, ತಿರುವಿನ ಒಳಬದಿಯಲ್ಲಿ ನಿಲ್ಲುವುದು ಖಂಡಿತ ಬೇಡ. ದಿಮ್ಮಿ ಬಾಲ ಬೀಸಿದರೆ ಕಾಲು ಮುರಿಯಲು ಒಂದು ಕ್ಷಣ ಸಾಕು. ಕೈಯಿಂದ ಹಾಕುವ ರಾಶಿ 1 ಮೀಟರ್ ಎತ್ತರ ಮೀರಬಾರದು, ಉರುಳಿಸಲು ಉದ್ದ ಹಿಡಿಗೆ ಕೊಕ್ಕೆ ಇರುವ ಕ್ಯಾಂಟ್ ಹುಕ್ ಎರಡು ತರಿಸಿ.

ಬ್ಲೂಬೆಲ್ ಎಲೆ ಜನವರಿ ಕೊನೆಯಲ್ಲೇ ಕೆಲವು ಕಡೆ ಮೂಡುತ್ತದೆ. ಡಿಸೆಂಬರ್ ಒಳಗೆ ಎಳೆತ ಮುಗಿಯುವಂತೆ ಗುತ್ತಿಗೆದಾರರ ದಿನಾಂಕ ಈಗಲೇ ಗಟ್ಟಿ ಮಾಡಿಕೊಳ್ಳಿ. ಮಳೆಯಿಂದ ಎರಡು ದಿನ ಹೋಗಬಹುದೆಂದು ಹಿಡಿದೇ ಲೆಕ್ಕ ಹಾಕಿ.