ಕೆಲಸವಿಲ್ಲದ ವರ್ಷಗಳನ್ನು ಲಾ ಸ್ಕೂಲ್ ಅರ್ಜಿಯಲ್ಲಿ ಹೇಗೆ ಬರೆದಿರಿ?

ಎಲ್ಲರಿಗೂ ನಮಸ್ಕಾರ. ವಿಟಿಯುನಲ್ಲಿ ಬಿಇ ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಮದುವೆಯಾಗಿ 2018ರಲ್ಲಿ ಎಚ್-4 ವೀಸಾದಲ್ಲಿ (ಎಚ್-1ಬಿಯಲ್ಲಿ ಕೆಲಸ ಮಾಡುವವರ ಸಂಗಾತಿಗೆ ಕೊಡುವ ವೀಸಾ) ನ್ಯೂಜೆರ್ಸಿಗೆ ಬಂದೆ. ಯಜಮಾನರ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗುವವರೆಗೆ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ. ಆಮೇಲೆ ಮಗು ಆಯಿತು. ಅತ್ತೆಗೆ ಹುಷಾರಿಲ್ಲದೆ ಕೆಲವು ತಿಂಗಳು ಮೈಸೂರಿನಲ್ಲೂ ಇದ್ದೆ. ಈಗ ಇಲ್ಲೇ ಜೆಡಿಗೆ, ಅಂದರೆ ಅಮೆರಿಕದ ಕಾನೂನು ಪದವಿಗೆ, ಅರ್ಜಿ ಹಾಕುತ್ತಿದ್ದೇನೆ. ರೆಸ್ಯೂಮೆಯಲ್ಲಿ ಅಷ್ಟೂ ವರ್ಷ ಖಾಲಿ ಕಾಣುತ್ತಿದೆ. ಇದನ್ನು ದಾಟಿ ಬಂದವರು ಹೇಗೆ ಬರೆದಿರಿ, ಹೇಳ್ತೀರಾ?

ಲಾ ಓದುತ್ತಿರುವ ಒಬ್ಬರು:

ನಾನೂ ಎಚ್-4ನಲ್ಲೇ ಇದ್ದವಳು. ಮೊದಲ ಮಾತು: ಖಾಲಿ ಬಿಟ್ಟು ಸುಮ್ಮನಿರಬೇಡಿ. ಮೂರು ತಿಂಗಳಿಗಿಂತ ಜಾಸ್ತಿ ಬಿಡುವು ಇದ್ದರೆ ಕಾರಣ ಬರೆಯಿರಿ ಅಂತ ಹಲವು ಕಾಲೇಜುಗಳ ಅರ್ಜಿಯಲ್ಲೇ ಕೇಳುತ್ತಾರೆ. ಅದಕ್ಕೆ ಅಡೆಂಡಮ್ ಅಂತ ಬೇರೆ ಪುಟ ಇದೆ. ಅರ್ಧ ಪುಟ ಸಾಕು. ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿ ಇದನ್ನು ತುರುಕಬೇಡಿ. ಅದು ನಿಮಗೆ ಕಾನೂನು ಯಾಕೆ ಬೇಕು, ನೀವು ಎಂಥವರು ಅನ್ನುವುದನ್ನು ಹೇಳುವ ಜಾಗ.

ನಾನು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು: "ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಎಚ್-4 ವೀಸಾದಲ್ಲಿದ್ದೆ. ಆಗ ಕೆಲಸ ಮಾಡಲು ನನಗೆ ಅನುಮತಿ ಇರಲಿಲ್ಲ. ಆ ಅವಧಿಯಲ್ಲಿ ಊರಿನ ಲೈಬ್ರರಿಯಲ್ಲಿ ವಲಸೆ ಬಂದವರಿಗೆ ಇಂಗ್ಲಿಷ್ ಕಲಿಸಲು ಸ್ವಯಂಸೇವಕಿಯಾಗಿ ಹೋಗುತ್ತಿದ್ದೆ. ಇಂಥ ತಿಂಗಳಲ್ಲಿ ಇಎಡಿ (ಕೆಲಸದ ಅನುಮತಿ ಕಾರ್ಡ್) ಬಂತು." ಅಷ್ಟೇ. ಅದರಲ್ಲಿ ಕ್ಷಮೆ ಕೇಳಲಿಲ್ಲ, ಅಳಲು ತೋಡಿಕೊಳ್ಳಲೂ ಇಲ್ಲ. ಅರ್ಜಿ ಓದುವವರಿಗೆ ಈ ವೀಸಾ ನಿಯಮ ಗೊತ್ತಿರಲೇಬೇಕು ಅಂತೇನಿಲ್ಲ. ಎಚ್-4ನವರಲ್ಲಿ ಕೆಲವರಿಗೆ ಇಎಡಿ ಸಿಗಲು ಶುರುವಾಗಿದ್ದೇ 2015ರ ಮೇ ತಿಂಗಳಿಂದ. ಆದ್ದರಿಂದ ಒಂದು ವಾಕ್ಯದಲ್ಲಿ ನೀವೇ ತಿಳಿಸಿಬಿಡಿ. "ಕೆಲಸ ಸಿಗಲಿಲ್ಲ" ಬೇರೆ, "ಕಾನೂನು ಬಿಡಲಿಲ್ಲ" ಬೇರೆ, ಅಲ್ವಾ?

ಮಗು, ಅತ್ತೆಯ ಆರೈಕೆ ಎರಡನ್ನೂ ನೇರವಾಗಿ ಬರೆಯಿರಿ. ಅತ್ತೆಯ ಕಾಯಿಲೆಯ ಹೆಸರು, ರಿಪೋರ್ಟು ಏನೂ ಬೇಡ. ಮನೆಯ ಹಿರಿಯರ ಆರೈಕೆಗೆ ಭಾರತದಲ್ಲಿದ್ದೆ, ಈಗ ಆ ಜವಾಬ್ದಾರಿ ಮುಗಿದಿದೆ ಅಂದರೆ ಸಾಕು. ಕನ್ನಡ ಕೂಟದ ಮಕ್ಕಳ ಶಾಲೆಯಲ್ಲಿ ಪಾಠ ಮಾಡಿದ್ದರೆ ರೆಸ್ಯೂಮೆಯಲ್ಲಿ ಖಂಡಿತ ಹಾಕಿ, ವಾರಕ್ಕೆ ಎಷ್ಟು ಗಂಟೆ ಅನ್ನುವುದರ ಸಮೇತ. ನಮ್ಮ ಹೆಣ್ಣುಮಕ್ಕಳು ಇಂಥದ್ದನ್ನೆಲ್ಲ "ಅದೇನು ದೊಡ್ಡ ಕೆಲಸ" ಅಂತ ಬಿಟ್ಟುಬಿಡುತ್ತಾರೆ. ನನಗೆ ತುಂಬಾ ಬೇಜಾರಾಗುವ ವಿಷಯ ಇದು.

ಟೆಕ್ಸಸ್‌ನಿಂದ:

ನನ್ನದು ಸ್ವಲ್ಪ ಬೇರೆ ಥರ. ಇಎಡಿ ಇತ್ತು, ಕೆಲಸವೂ ಇತ್ತು. ನವೀಕರಣ ತಡವಾಗಿ ಕೆಲಸ ನಿಂತುಹೋಯಿತು. ಕಾರ್ಡ್ ಮುಗಿದ ತಾರೀಖು, ಹೊಸದು ಬಂದ ತಾರೀಖು ಎರಡನ್ನೂ ಕೊಟ್ಟು ನಾಲ್ಕು ಸಾಲು ಬರೆದೆ. ಸೀಟು ಸಿಕ್ಕಿತು, ಆ ಬಗ್ಗೆ ಯಾರೂ ಮತ್ತೆ ಕೇಳಲಿಲ್ಲ.

ವಕೀಲಿಕೆ ಮಾಡುತ್ತಿರುವ ಒಬ್ಬರು:

ಮೇಲಿನವರು ಹೇಳಿದ್ದೆಲ್ಲ ಸರಿ, ಅದಕ್ಕೆ ಇದನ್ನೂ ಸೇರಿಸಿಕೊಳ್ಳಿ. ಈ ಅರ್ಜಿ ಲಾ ಸ್ಕೂಲಿಗೇ ಮುಗಿಯುವುದಿಲ್ಲ. ಓದು ಮುಗಿಸಿ ಬಾರ್‌ಗೆ ಸೇರುವಾಗ, ಅಂದರೆ ವಕೀಲಿಕೆಯ ಪರವಾನಗಿ ಪಡೆಯುವಾಗ, ನಿಮ್ಮ ನಡತೆಯನ್ನು ಪರಿಶೀಲಿಸುತ್ತಾರೆ, ಕ್ಯಾರೆಕ್ಟರ್ ಅಂಡ್ ಫಿಟ್‌ನೆಸ್ ಅಂತ. ಅಲ್ಲಿ ಹಳೆಯ ಕೆಲಸಗಳ ಜೊತೆ ಕೆಲಸವಿಲ್ಲದ ಅವಧಿಯನ್ನೂ ಕೇಳುತ್ತಾರೆ. ಹಲವು ರಾಜ್ಯಗಳಲ್ಲಿ ಲಾ ಸ್ಕೂಲಿಗೆ ಹಾಕಿದ ಅರ್ಜಿಯನ್ನೇ ತರಿಸಿ ಹೋಲಿಸುತ್ತಾರೆ. ತಾರೀಖುಗಳು ತಾಳೆಯಾಗದಿದ್ದರೆ ತೊಂದರೆ. ಬಿಡುವು ಇದ್ದದ್ದಕ್ಕೆ ಯಾರೂ ತಪ್ಪು ಹಿಡಿಯುವುದಿಲ್ಲ, ಮುಚ್ಚಿಟ್ಟರೆ ಹಿಡಿಯುತ್ತಾರೆ.

ಇನ್ನೊಂದನ್ನು ದಯವಿಟ್ಟು ಗಮನವಿಟ್ಟು ಓದಿ. ಖಾಲಿ ತುಂಬಿಸಲು "ಫ್ರೀಲಾನ್ಸ್ ಕನ್ಸಲ್ಟೆಂಟ್" ಅಂತ ಹಾಕು ಅನ್ನುವ ಸ್ನೇಹಿತರು ಇರುತ್ತಾರೆ. ಇಎಡಿ ಇಲ್ಲದ ಕಾಲಕ್ಕೆ ಹಾಗೆ ಬರೆದರೆ, ಅನುಮತಿ ಇಲ್ಲದೆ ದುಡಿದೆ ಅಂತ ನೀವೇ ಸಹಿ ಹಾಕಿ ಕೊಟ್ಟ ಹಾಗೆ. ವೀಸಾಕ್ಕೂ ಪೆಟ್ಟು, ಬಾರ್‌ಗೂ ಪೆಟ್ಟು. ಅರ್ಜಿಯ ಒಂದು ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಪೌರತ್ವ ಇಲ್ಲವಲ್ಲ ಅಂತಲೂ ಅಳುಕಬೇಡಿ. ಅಮೆರಿಕದ ಪ್ರಜೆಯಲ್ಲ ಅನ್ನುವ ಒಂದೇ ಕಾರಣಕ್ಕೆ ಖಾಯಂ ನಿವಾಸಿಯನ್ನು ಬಾರ್‌ನಿಂದ ದೂರ ಇಡುವಂತಿಲ್ಲ ಅಂತ ಇಲ್ಲಿನ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ಗ್ರೀನ್ ಕಾರ್ಡ್ ಬರುವ ಮೊದಲಿನ ನಿಯಮವನ್ನು ಮಾತ್ರ ನಿಮ್ಮ ರಾಜ್ಯದ ಬಾರ್‌ನಲ್ಲಿ ವಿಚಾರಿಸಿಕೊಳ್ಳಿ.

ಮೊದಲು ಉತ್ತರಿಸಿದವರು ಮತ್ತೆ:

ಹೇಳಲು ಬಿಟ್ಟದ್ದು ಎರಡು. ಅಂಕಪಟ್ಟಿಗಳನ್ನು ವಿಟಿಯು ನೇರವಾಗಿ ಎಲ್‌ಸ್ಯಾಕ್‌ಗೆ (ಲಾ ಸ್ಕೂಲ್ ಅರ್ಜಿಗಳ ದಾಖಲೆ ಒಟ್ಟುಮಾಡುವ ಸಂಸ್ಥೆ) ಕಳಿಸಬೇಕು, ನೀವು ಕಳಿಸಿದರೆ ನಡೆಯುವುದಿಲ್ಲ. ಬೆಳಗಾವಿಯಿಂದ ಬರಲು ಸಮಯ ಹಿಡಿಯುತ್ತದೆ, ಈ ವಾರವೇ ಶುರು ಮಾಡಿ. ಶಿಫಾರಸು ಪತ್ರಕ್ಕೆ ಹಳೆಯ ಮೇಷ್ಟ್ರು ಸಿಗದಿದ್ದರೆ ಬೆಂಗಳೂರಿನ ಮ್ಯಾನೇಜರನ್ನೂ ಲೈಬ್ರರಿಯಂಥ ಕಡೆ ನಿಮ್ಮ ಕೆಲಸ ಕಂಡವರನ್ನೂ ಕೇಳಿ. ಅಡೆಂಡಮ್ ಬರೆದಾದ ಮೇಲೆ ಇಲ್ಲಿ ಹಾಕಿ, ತಾರೀಖುಗಳನ್ನು ಕೂತು ನೋಡಿಕೊಡುತ್ತೇನೆ.