ಪಾಲಿಯ ‘ಉಪೇಕ್ಖಾ’ ನಮ್ಮ ‘ಉಪೇಕ್ಷೆ’ನಾ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ನಾನು ನರ್ಸ್. 22 ವರ್ಷದಿಂದ ವಾರ್ಡಿನಲ್ಲೇ ಇದ್ದೇನೆ. ಒಂದು ವರ್ಷದಿಂದ ಬುದ್ಧನ ಗಾಥೆಗಳ ಪುಸ್ತಕ ಧಮ್ಮಪದವನ್ನು ಪಾಲಿಯಲ್ಲೇ, ಅಂದರೆ ಹಳೆಯ ಬೌದ್ಧ ಗ್ರಂಥಗಳ ಭಾಷೆಯಲ್ಲೇ, ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ಸಂಸ್ಕೃತ ತಗೊಂಡಿದ್ದೆ, ಅದೇ ನನ್ನ ಬಂಡವಾಳ. ಪಾಲಿ ಪದ ಸಿಕ್ಕಿದರೆ ಮೊದಲು ಸಂಸ್ಕೃತಕ್ಕೆ ತಿರುಗಿಸುತ್ತೇನೆ. ಧಮ್ಮ ಅಂದರೆ ಧರ್ಮ, ಭಿಕ್ಖು ಅಂದರೆ ಭಿಕ್ಷು. ಆಮೇಲೆ ಕನ್ನಡದ ಅರ್ಥ ಬರೆದುಕೊಳ್ಳುತ್ತೇನೆ. ತುಂಬ ಕಡೆ ಸರಿಹೋಗುತ್ತದೆ. ಮೂರು ಕಡೆ ಮಾತ್ರ ಸಿಕ್ಕಿಹಾಕಿಕೊಂಡಿದ್ದೇನೆ.

ಧಮ್ಮಪದದ 29ನೇ ಗಾಥೆ: ‘ಅಪ್ಪಮತ್ತೋ ಪಮತ್ತೇಸು, ಸುತ್ತೇಸು ಬಹುಜಾಗರೋ.’ ಸುತ್ತ ಅಂದರೆ ಸೂತ್ರ ಅಲ್ವಾ? ‘ಸೂತ್ರಗಳಲ್ಲಿ ತುಂಬ ಎಚ್ಚರ’ ಅಂತ ಬರೆದಿದ್ದೇನೆ. ಏನೋ ಕೂಡಿಬರುತ್ತಿಲ್ಲ.

ಇನ್ನೊಂದು ಕಡೆ ‘ಸುಖ ವೇದನಾ’ ಅಂತ ಇದೆ. ನಮ್ಮಲ್ಲಿ ವೇದನೆ ಅಂದರೆ ನೋವೇ. ದಿನಾ ಕೇಸ್ ಶೀಟಿನಲ್ಲಿ ರೋಗಿಯ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಬರೆಯುವವಳು ನಾನು. ಸುಖದ ನೋವು ಅಂದರೆ ಏನು?

ಮೂರನೆಯದು ಉಪೇಕ್ಖಾ. ಮೆತ್ತಾ (ಮೈತ್ರಿ), ಕರುಣಾ, ಮುದಿತಾ (ಇನ್ನೊಬ್ಬರ ಸುಖಕ್ಕೆ ಸಂತೋಷ), ಉಪೇಕ್ಖಾ, ಈ ನಾಲ್ಕನ್ನೂ ಬೆಳೆಸಿಕೊಳ್ಳಬೇಕು ಅನ್ನುತ್ತಾರೆ. ಹಿಂದೊಮ್ಮೆ ನನಗೆ ಒಂದು ನೋಟಿಸ್ ಬಂದಿತ್ತು. ಇಬ್ಬರೇ 38 ಹಾಸಿಗೆ ನೋಡುತ್ತಿದ್ದ ರಾತ್ರಿ ಅದು. ಒಬ್ಬರ ಡ್ರಿಪ್ ಬಾಟಲಿ ಖಾಲಿಯಾಗಿದ್ದು ಹತ್ತು ನಿಮಿಷ ನನ್ನ ಕಣ್ಣಿಗೆ ಬೀಳಲಿಲ್ಲ. ನೋಟಿಸಿನಲ್ಲಿ ‘ರೋಗಿಯ ಉಪೇಕ್ಷೆ’ ಅಂತ ಬರೆದಿದ್ದರು. ಆ ಪದ ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ. ಅದನ್ನು ಕರುಣೆಯ ಪಕ್ಕದಲ್ಲಿ ಹೇಗೆ ಕೂರಿಸಿದರು? ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇಮೇಷ್ಟ್ರು:

ಅಮ್ಮಾ, ಮೊದಲನೆಯದು ಸುಲಭ. ಪಾಲಿಯಲ್ಲಿ ಒತ್ತಕ್ಷರಗಳು ಒಂದರೊಳಗೊಂದು ಕರಗಿ ಜೋಡಿಯಾಗುತ್ತವೆ. ಸಪ್ತ ಹೋಗಿ ಸತ್ತ, ಪುತ್ರ ಹೋಗಿ ಪುತ್ತ. ಆ ಜೋಡಿಯ ಹಿಂದೆ ದೀರ್ಘ ಇದ್ದರೆ ಅದು ಹ್ರಸ್ವವಾಗುತ್ತದೆ. ಹಾಗಾಗಿ ಸೂತ್ರವೂ ಸುತ್ತ, ಸುಪ್ತವೂ ಸುತ್ತ. ನಿಮ್ಮ ಗಾಥೆಯಲ್ಲಿರುವುದು ಸುಪ್ತ. ‘ಮೈಮರೆತವರ ನಡುವೆ ಮೈಮರೆಯದವನು, ಮಲಗಿದವರ ನಡುವೆ ಎಚ್ಚರವಾಗಿರುವವನು’ ಅಂತ ಓದಿ. ನೀವು ರಾತ್ರಿಯೆಲ್ಲ ಮಾಡುವ ಕೆಲಸವೇ ಅದು.

ಕನ್ನಡದ ತದ್ಭವಗಳೂ ಹೀಗೇ ಅಲ್ವಾ? ಸ್ವರ್ಗ ನಮ್ಮಲ್ಲೂ ಸಗ್ಗ, ಪಾಲಿಯಲ್ಲೂ ಸಗ್ಗ. ಆದರೆ ಪಾಲಿಯ ‘ಮಗ್ಗ’ ಅಂದರೆ ಮಾರ್ಗ. ನಮ್ಮ ನೇಕಾರರ ಮಗ್ಗಕ್ಕೂ ಅದಕ್ಕೂ ಸಂಬಂಧವಿಲ್ಲ. ಸದ್ದು ಒಂದೇ ಅಂತ ಅರ್ಥವನ್ನೂ ಒಂದೇ ಮಾಡಬಾರದು.

ವೇದನೆಯ ಮೂಲ ‘ವಿದ್’, ತಿಳಿ ಅಂತ ಅರ್ಥ. ವೇದ, ವಿದ್ಯೆ ಹುಟ್ಟಿದ್ದೂ ಅಲ್ಲಿಂದಲೇ. ಮೈಗೋ ಮನಸ್ಸಿಗೋ ತಿಳಿದುಬರುವ ಅನುಭವ ಯಾವುದೇ ಇರಲಿ, ಪಾಲಿಯಲ್ಲಿ ಅದು ವೇದನಾ. ಸುಖ, ದುಃಖ, ಎರಡೂ ಅಲ್ಲದ್ದು ಅಂತ ಮೂರು ಬಗೆ. ಸಂಸ್ಕೃತದಲ್ಲೂ ಆ ಅಗಲವಾದ ಅರ್ಥ ಇತ್ತು. ಬರಬರುತ್ತಾ ನೋವಿನ ಅರ್ಥವೇ ಜಾಸ್ತಿಯಾಯಿತು, ಕನ್ನಡಕ್ಕೆ ಬಂದಿದ್ದೂ ಅದೇ. ನಿಮ್ಮ ಕೇಸ್ ಶೀಟಿನ ಅಂಕ ಮೂರರಲ್ಲಿ ಒಂದು ಬಗೆಯನ್ನಷ್ಟೇ ಅಳೆಯುತ್ತದೆ.

ಉಪೇಕ್ಷೆಯ ವಿಷಯದಲ್ಲಿ ಸಂಸ್ಕೃತವನ್ನು ಪೂರ್ತಿ ದೂರುವ ಹಾಗಿಲ್ಲ. ಪತಂಜಲಿಯ ಯೋಗಸೂತ್ರ 1.33 ತೆಗೆದು ನೋಡಿ. ಮೈತ್ರಿ, ಕರುಣೆ, ಮುದಿತಾ, ಉಪೇಕ್ಷಾ, ಅದೇ ನಾಲ್ಕು ಅದೇ ಸಾಲಿನಲ್ಲಿವೆ. ‘ಉಪ’ ಅಂದರೆ ಹತ್ತಿರ, ‘ಈಕ್ಷ್’ ಅಂದರೆ ನೋಡು. ನೀವು ಪಾಲಿಯಿಂದ ಸಂಸ್ಕೃತಕ್ಕೆ ಹೋಗಿದ್ದರಲ್ಲಿ ತಪ್ಪಿಲ್ಲ. ಅಲ್ಲಿಂದ ಇವತ್ತಿನ ಕನ್ನಡಕ್ಕೆ ಇಳಿಯುವಾಗ ಕಾಲು ಜಾರಿದೆ.

ತೆಂಗಿನತೋಟ:

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಐದನೇ ಶತಮಾನದಲ್ಲಿ ಬೌದ್ಧ ಪಂಡಿತ ಬುದ್ಧಘೋಷ ಶ್ರೀಲಂಕಾದಲ್ಲಿ ಕೂತು ಬರೆದ ವಿಸುದ್ಧಿಮಗ್ಗದಲ್ಲಿ ಒಬ್ಬ ತಾಯಿಯ ಹೋಲಿಕೆ ಇದೆ. ಅವಳಿಗೆ ನಾಲ್ಕು ಗಂಡುಮಕ್ಕಳು. ಒಬ್ಬ ಎಳೆ ಕೂಸು, ಅವನು ಬೆಳೆಯಲಿ ಅಂತ ಬಯಸುತ್ತಾಳೆ. ಇನ್ನೊಬ್ಬ ಕಾಯಿಲೆಯವನು, ವಾಸಿಯಾಗಲಿ ಅನ್ನುತ್ತಾಳೆ. ಮತ್ತೊಬ್ಬ ತುಂಬು ಪ್ರಾಯದವನು, ಆ ಸುಖ ಅವನಿಗೆ ಉಳಿಯಲಿ ಅನ್ನುತ್ತಾಳೆ. ನಾಲ್ಕನೆಯವನು ತನ್ನ ಕೆಲಸ ತಾನು ನೋಡಿಕೊಳ್ಳುತ್ತಿದ್ದಾನೆ. ಅವನ ಬಗ್ಗೆ ಅವಳಿಗೆ ತಳಮಳ ಇಲ್ಲ. ಅದು ಉಪೇಕ್ಖಾ. ಅವನೂ ಅವಳ ಮಗನೇ ತಾನೆ!

ನಿಮಗೆ ಬೇಕಾದ ಉತ್ತರ ಅದೇ ಅಧ್ಯಾಯದಲ್ಲಿದೆ. ಪ್ರತಿ ಗುಣಕ್ಕೂ ಒಂದು ‘ಹತ್ತಿರದ ಶತ್ರು’ ಇದೆ ಅನ್ನುತ್ತಾನೆ ಬುದ್ಧಘೋಷ. ನೋಡೋಕೆ ಆ ಗುಣದ ಹಾಗೇ ಇರುತ್ತದೆ, ಒಳಗೆ ಬೇರೆ. ಉಪೇಕ್ಖಾದ ಹತ್ತಿರದ ಶತ್ರು ‘ಅಞ್ಞಾಣುಪೇಕ್ಖಾ’, ಅಂದರೆ ತಿಳಿಯದೆ ಸುಮ್ನೆ ಇರುವುದು. ನಿಮ್ಮ ನೋಟಿಸಿನವರು ಹೇಳಿದ್ದು ಇದನ್ನು. ಇದು ಬೇರೆ, ಅದು ಬೇರೆ ಅಂತ ಬುದ್ಧಘೋಷ ಆಗಲೇ ಗೆರೆ ಎಳೆದಿದ್ದಾನೆ.

ಮೊಳಕಾಲ್ಮೂರು:

ಸಿಸ್ಟರ್, ನಿಮ್ಮ ಕೆಲಸದ ಹೆಸರಲ್ಲೇ ಒಂದು ಪದ ಇದೆ, ಶುಶ್ರೂಷೆ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, ಪ್ರಾಕೃತದ್ದು. ತಂದೆ ತಾಯಿಯ ಮಾತು ಕೇಳಬೇಕು ಅನ್ನುವ ಕಡೆ ‘ಮಾತಾಪಿತಿಸು ಸುಸೂಸಿತವಿಯೇ’ ಅಂತ ಕೊರೆದಿದ್ದಾರೆ. ಸಂಸ್ಕೃತದ ಶುಶ್ರೂಷಾ, ಪಾಲಿಯ ಸುಸ್ಸೂಸಾ, ಎಲ್ಲದರ ಮೂಲ ‘ಶ್ರು’, ಅಂದರೆ ಕೇಳು. ಕೇಳಿಸಿಕೊಳ್ಳುವ ಆಸೆ ಅನ್ನುವುದು ಮೊದಲ ಅರ್ಥ. ಅದರಿಂದ ವಿಧೇಯತೆ, ಆಮೇಲೆ ಸೇವೆ, ಕೊನೆಗೆ ರೋಗಿಯ ಆರೈಕೆ. ನಮ್ಮ ಕನ್ನಡ ಆ ಕೊನೆಯ ಅರ್ಥವನ್ನು ಇಟ್ಟುಕೊಂಡಿದೆ. ಎಲ್ಲ ಸಲವೂ ನಾವು ಕಳೆದುಕೊಂಡೇ ಇಲ್ಲ.

ರಾತ್ರಿಪಾಳಿ:

ಮೂವರಿಗೂ ಕೈ ಮುಗಿಯುತ್ತೇನೆ. ಶುಶ್ರೂಷೆಗೆ ‘ಕೇಳು’ ಮೂಲ ಅಂತ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ನಿನ್ನೆ ರಾತ್ರಿ 14ನೇ ಹಾಸಿಗೆಯ ಅಜ್ಜಿ ನೋವಿಗೆ ‘ಆರು’ ಅಂದರು. ಅಂಕ ಬರೆದು ಮುಂದೆ ಹೋಗುವವಳು ನಿಂತೆ. ‘ಮಗಳು ಫೋನ್ ಮಾಡಿದ್ದಳು, ಅದೊಂದು ಸುಖ’ ಅಂದರು. ಅದನ್ನು ಬರೆಯಲು ಶೀಟಿನಲ್ಲಿ ಜಾಗ ಇರಲಿಲ್ಲ.

ಪುಸ್ತಕದಲ್ಲಿ ‘ಸೂತ್ರಗಳಲ್ಲಿ’ ಹೊಡೆದುಹಾಕಿ ‘ಮಲಗಿದವರಲ್ಲಿ’ ಅಂತ ತಿದ್ದಿದೆ. ಉಪೇಕ್ಖಾಗೆ ಸದ್ಯಕ್ಕೆ ‘ಹತ್ತಿರ ಇದ್ದು, ತಳಮಳ ಇಲ್ಲದೆ ನೋಡುವುದು’ ಅಂತ ಬರೆದಿದ್ದೇನೆ. ಉದ್ದ ಆಯಿತು. ಇದಕ್ಕೆ ಒಂದೇ ಕನ್ನಡ ಪದ ಯಾರಿಗಾದರೂ ಹೊಳೆದರೆ ಹೇಳಿ. ‘ಸಮಚಿತ್ತ’ ಅಂದರೆ ಹತ್ತಿರ ಇರುವುದು ಬಿಟ್ಟುಹೋಗುತ್ತದೆ.

ಇನ್ನೊಂದು ‘ಪಞ್ಞಾ’. ಪ್ರಜ್ಞೆ ಅಂದರೆ ನಮ್ಮ ವಾರ್ಡಿನಲ್ಲಿ ಇದೆಯೋ, ತಪ್ಪಿದೆಯೋ, ಅಷ್ಟೇ. ಅದನ್ನು ನಾಳೆ ಕೇಳುತ್ತೇನೆ. ಎಂಟಕ್ಕೆ ಪಾಳಿ ಶುರು.